ಕತ್ತರಿಸದೆ ಕಟ್ಟಿ ಬಿಟ್ಟ ಕೊಬ್ಬಿನ ಗಂಟು

ಕರುಳಿನಲ್ಲಿ ಗಂಟು ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಕ್ಯಾನ್ಸರ್. ನನ್ನ ಹತ್ತಿರ ಬಂದಿದ್ದ ಈ ಮಹಿಳೆಗೂ ಅದೇ ಭಯ. ಆಗಾಗ ಹೊಟ್ಟೆ ಹಿಂಡಿದಂತೆ ನೋವು, ಮಲದಲ್ಲಿ ರಕ್ತ. ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ) ದೊಡ್ಡ ಕರುಳಿನ ಬಲಭಾಗದಲ್ಲಿ ನುಣುಪಾದ, ಹಳದಿ ಛಾಯೆಯ ಗಂಟು ಕಂಡಿತು. ಕೊಳವೆಯ ಮೂಲಕ ಹಾಕಿದ ಫೋರ್ಸೆಪ್ಸ್ ಎಂಬ ಪುಟ್ಟ ಚಿಮಟವನ್ನು ಮುಚ್ಚಿ ಅದರಿಂದ ಒತ್ತಿದೆ. ದಿಂಬಿನ ಹಾಗೆ ತಗ್ಗಿತು, ಬಿಟ್ಟ ಕೂಡಲೇ ಮತ್ತೆ ಉಬ್ಬಿತು. ಲೈಪೋಮಾ, ಅಂದರೆ ಬರೀ ಕೊಬ್ಬಿನ ಗಂಟು. ಸಿಟಿ ಸ್ಕ್ಯಾನ್ ಕೂಡ ಅದನ್ನೇ ಹೇಳಿತು.

2 ಸೆಂ.ಮೀ.ಗಿಂತ ಚಿಕ್ಕದಾಗಿದ್ದು, ತೊಂದರೆ ಕೊಡದಿದ್ದರೆ ನಾನು ಅದನ್ನು ಮುಟ್ಟುವುದೇ ಇಲ್ಲ. ಇದು 3 ಸೆಂ.ಮೀ. ದಾಟಿತ್ತು. ಇಂಥವು ಕರುಳಿನ ಒಂದು ಭಾಗವನ್ನು ಇನ್ನೊಂದರೊಳಗೆ ಎಳೆದುಕೊಂಡು ದಾರಿಯನ್ನೇ ಮುಚ್ಚಿಬಿಡಬಹುದು.

ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಗಡ್ಡೆ) ತೆಗೆಯುವ ಹಾಗೆ ಸ್ನೇರ್ ಎಂಬ ತಂತಿಯ ಕುಣಿಕೆ ಹಾಕಿ, ಕರೆಂಟ್ ಕೊಟ್ಟು ಕತ್ತರಿಸಿದರೆ ಆಯ್ತಲ್ವಾ? ಇಲ್ಲ. ಕೊಬ್ಬಿನಲ್ಲಿ ನೀರಿನಂಶ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕತ್ತರಿಸಲು ಜಾಸ್ತಿ ಹೊತ್ತು ಬೇಕು, ಅಷ್ಟರಲ್ಲಿ ಬಿಸಿ ಕರುಳಿನ ಗೋಡೆಗೆ ತಟ್ಟುತ್ತದೆ. ಬಲಭಾಗದಲ್ಲಿ ಗೋಡೆ ಮೊದಲೇ ತೆಳು. ತೂತಾದರೆ ಕಷ್ಟ.

ಅದಕ್ಕೇ ಎಂಡೋಲೂಪ್ ಹಾಕಲು ನಿರ್ಧರಿಸಿದೆ. ಇದು ಗಂಟಿನ ಬುಡವನ್ನು ಬಿಗಿದು ರಕ್ತ ನಿಲ್ಲಿಸುವ ನೈಲಾನ್ ಕುಣಿಕೆ. ಗಂಟಿನ ತಲೆ ದಾಟಿಸಿ ಬುಡಕ್ಕೆ ಕೂರಿಸುವುದೇ ನಿಜವಾದ ಕೆಲಸ. ಕರುಳು ಅಲುಗುತ್ತಲೇ ಇರುತ್ತದೆ, ಕುಣಿಕೆ ಜಾರುತ್ತದೆ. ಸರಿಯಾಗಿ ಕೂತ ಮೇಲೆ "ನಿಧಾನಕ್ಕೆ ಬಿಗಿ ಮಾಡಿ ಸಿಸ್ಟರ್" ಎಂದೆ. ಜೋರಾಗಿ ಎಳೆದರೆ ಬುಡವೇ ಹರಿದು ರಕ್ತ ಸುರಿಯಬಹುದು. ನೋಡನೋಡುತ್ತಿದ್ದಂತೆ ಗಂಟು ಕೆಂಪಾಗಿ, ಆಮೇಲೆ ನೇರಳೆಗೆ ತಿರುಗಿತು. ರಕ್ತ ಓಡಾಟ ನಿಂತಿದೆ ಎಂದು ಖಾತ್ರಿಯಾಯಿತು. ಕುಣಿಕೆಯಿಂದ ಸಾಕಷ್ಟು ಮೇಲೆ, ಗಂಟಿನ ನೆತ್ತಿಯನ್ನಷ್ಟೇ ಸ್ನೇರ್‌ನಿಂದ ತೆಗೆದೆ. ಹೊಳೆಯುವ ಹಳದಿ ಕೊಬ್ಬು ಹೊರಗೆ ಇಣುಕಿತು. ತೆಗೆದ ಚೂರು ಬಯಾಪ್ಸಿಗೆ ಹೋಯಿತು. ಅದಿಲ್ಲದಿದ್ದರೆ ಉದುರಿ ಹೋಗುವ ಗಂಟಿನ ಪರೀಕ್ಷೆ ಮಾಡುವುದು ಹೇಗೆ?

ಉಳಿದದ್ದು ದಿನ ಕಳೆದಂತೆ ತಾನಾಗಿ ಕಳಚಿ ಮಲದಲ್ಲಿ ಹೋಗುತ್ತದೆ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಲೇಬೇಕು. ಜ್ವರ, ಜೋರು ಹೊಟ್ಟೆನೋವು, ತುಂಬಾ ರಕ್ತ ಕಂಡರೆ ರಾತ್ರಿಯಾದರೂ ಸರಿ ಬನ್ನಿ ಎಂದಿದ್ದೆ. ಬಯಾಪ್ಸಿ ವರದಿಯಲ್ಲೂ ಲೈಪೋಮಾ ಎಂದೇ ಬಂತು. ಮತ್ತೆ ನೋಡಿದಾಗ ಬರೀ ಗಾಯದ ಗುರುತು ಉಳಿದಿತ್ತು.

ಬುಡ ತುಂಬಾ ಅಗಲವಾಗಿದ್ದರೆ ಕುಣಿಕೆ ನಿಲ್ಲುವುದಿಲ್ಲ. ಅಂಥವರನ್ನು ನಾನು ಸರ್ಜನ್ ಹತ್ತಿರ ಕಳಿಸುತ್ತೇನೆ.