ಅಗ್ಗದ ವಾಚು, ದುಬಾರಿ ವಾಚು: ಹೋಲಿಸಿ ನೋಡುವುದು ಹೇಗೆ?

ದೀಪಾವಳಿಗೆ ಹುಬ್ಬಳ್ಳಿಗೆ ಬಂದಿದ್ದ ತಂಗಿಯ ಮಗ ಹೊಸ ಸೀಕೋ 5 ಕಟ್ಟಿಕೊಂಡಿದ್ದ. ನನ್ನದು ಕೀ ಕೊಟ್ಟು ಓಡಿಸುವ ಹಳೇ ಎಚ್‌ಎಂಟಿ ಜನತಾ. ಒಂದು ರಾತ್ರಿ ಎರಡನ್ನೂ ಪರೀಕ್ಷೆಗೆ ಹಚ್ಚಿ ಬೆಳಿಗ್ಗೆ ತೀರ್ಪು ಕೊಟ್ಟ: “ಮಾಮಾ, ನಿಮ್ಮ ಜನತಾ ಐದ್ ನಿಮಿಷ ಮುಂದ ಓಡೈತ್ರಿ. ಇನ್ನ ಕಪಾಟಿನ್ಯಾಗ ಇಡ್ರಿ.” ವಿಚಾರಿಸಿದರೆ, ಸೀಕೋ ಅವನ ಕೈಯಲ್ಲಿತ್ತು, ಜನತಾ ಬ್ಲೂಟೂತ್ ಸ್ಪೀಕರ್ ಮೇಲೆ ಮಲಗಿತ್ತು! ಹೀಗೆ ಹೋಲಿಸುವವರನ್ನು ಬಹಳ ನೋಡಿದ್ದೇನೆ. ಅದಕ್ಕೇ ಈ ಬರಹ.

1. ಮೊದಲು ಅಯಸ್ಕಾಂತದ ಕಾಟ ಇದೆಯಾ ನೋಡಿ. ಮೊಬೈಲಿನ ದಿಕ್ಸೂಚಿ ತೆರೆದು ವಾಚನ್ನು ಹತ್ತಿರ ತನ್ನಿ. ಮುಳ್ಳು ಗಿರಕಿ ಹೊಡೆದರೆ ಅನುಮಾನ ಪಡಿ. ವಾಚಿನೊಳಗೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಇರುತ್ತದೆ. ಅಯಸ್ಕಾಂತದ ಗುಣ ಹತ್ತಿ ಅದರ ಸುತ್ತುಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ವಾಚು ಮುಂದೆ ಓಡುತ್ತದೆ. ರಿಪೇರಿಯವರ ಸಣ್ಣ ಮಷಿನ್ನಿನಲ್ಲಿ ಈ ಗುಣವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆಯುತ್ತಾರೆ.

2. ಎರಡಕ್ಕೂ ಪೂರ್ತಿ ಕೀ ಕೊಡಿ. ಜನತಾದ ಕೀ ಗಟ್ಟಿಯಾಗಿ ನಿಂತಾಗ ಕೈ ಬಿಡಿ. ಸೀಕೋ ಆಟೊಮ್ಯಾಟಿಕ್, ಅಂದರೆ ಕೈ ಅಲುಗಾಡಿದಂತೆ ತಾನೇ ಕೀ ತುಂಬಿಕೊಳ್ಳುವ ವಾಚು. ಅದರ ಕೀ ಹಾಗೆ ನಿಲ್ಲುವುದಿಲ್ಲ, ಅದನ್ನು ಒಂದು ದಿನ ಕಟ್ಟಿಕೊಂಡು ಓಡಾಡಿ.

3. ಎಲ್ಲರೂ ಎಡವುವುದು ಇಲ್ಲಿ. ಸೆಕೆಂಡ್ ಮುಳ್ಳನ್ನು ಮೊಬೈಲಿಗೆ ಸರಿಹೊಂದಿಸುವ ಸಾಹಸ ಬೇಡ. ಮುಳ್ಳು 12ಕ್ಕೆ ಬಂದ ಕ್ಷಣ ಮೊಬೈಲಿನಲ್ಲಿ ಎಷ್ಟು ಸೆಕೆಂಡ್ ಅಂತ ನೋಡಿ, ವ್ಯತ್ಯಾಸ ಬರೆದಿಡಿ. ಎರಡೂ ವಾಚುಗಳನ್ನು ಡಯಲ್ ಮೇಲೆ ಮಾಡಿ ಮಲಗಿಸಿ. ಟಿವಿ, ಸ್ಪೀಕರ್ ಹತ್ತಿರ ಬೇಡ. ಸರಿಯಾಗಿ 24 ತಾಸಿಗೆ ಮತ್ತೆ ನೋಡಿ, ಬರೆಯಿರಿ, ಕೀ ಕೊಡಿ. ಮರುದಿನವೂ ಹಾಗೇ. ಮೂರನೇ ದಿನ ಕೀ ಕೊಡುವ ಗುಂಡಿ ಕೆಳಗೆ ಬರುವಂತೆ ಲೋಟಕ್ಕೆ ಆನಿಸಿ ನಿಲ್ಲಿಸಿ. ಮಲಗಿದಾಗ ಒಂದು ಲೆಕ್ಕ, ನಿಂತಾಗ ಇನ್ನೊಂದು. ಮೊಬೈಲ್ ಮೈಕಿನಲ್ಲಿ ಟಿಕ್ ಟಿಕ್ ಕೇಳಿ ಲೆಕ್ಕ ಹೇಳುವ ಆ್ಯಪ್‌ಗಳೂ ಇವೆ. ಫ್ಯಾನ್ ಹಾಕಿದ ಕೋಣೆಯಲ್ಲಿ ಅವನ್ನು ನಂಬಬೇಡಿ.

ಅಯಸ್ಕಾಂತ ತೆಗೆಸಿದ ಮೇಲೆ ನಮ್ಮ ಲೆಕ್ಕ ಹೀಗೆ ಬಂತು. ಜನತಾ ದಿನಕ್ಕೆ 18, 20, 17 ಸೆಕೆಂಡ್ ಮುಂದೆ. ಸೀಕೋ ಎರಡು ದಿನ 6, 7 ಸೆಕೆಂಡ್ ಮುಂದೆ, ಮೂರನೇ ದಿನ 5 ಹಿಂದೆ. ಅಳಿಯ ಗೆದ್ದೆ ಅಂದ. ನನ್ನ ಮಟ್ಟಿಗೆ ಗೆದ್ದದ್ದು ಜನತಾ. ದಿನಾ ಒಂದೇ ತಪ್ಪು ಮಾಡುವ ವಾಚನ್ನು ರಿಪೇರಿಯವರು ಸಣ್ಣ ಕಡ್ಡಿ ಸರಿಸಿ ಸರಿಮಾಡುತ್ತಾರೆ. ಹಾಗಂತ ಸೀಕೋ ಕೆಟ್ಟಿದೆ ಅಂತಲ್ಲ. ಅದರ 4ಆರ್36 ಯಂತ್ರಕ್ಕೆ ಕಂಪನಿಯೇ ದಿನಕ್ಕೆ 45 ಸೆಕೆಂಡ್ ಮುಂದೆ, 35 ಹಿಂದೆ ತನಕ ಬಿಟ್ಟುಕೊಟ್ಟಿದೆ.

4. ಆಮೇಲೆ ದುಡ್ಡಿನ ಮಾತು. ಜನತಾದಲ್ಲಿ 17 ಜ್ಯುವೆಲ್, ಸೀಕೋದಲ್ಲಿ 24. ಜ್ಯುವೆಲ್ ಜಾಸ್ತಿ ಅಂದರೆ ವಾಚು ಒಳ್ಳೇದು ಅಂತಲ್ಲ, ಸವೆಯುವ ಜಾಗಕ್ಕೆ ಕೂರಿಸಿದ ಕೃತಕ ಮಾಣಿಕ್ಯ ಅಷ್ಟೇ. ಆಟೊಮ್ಯಾಟಿಕ್‌ನಲ್ಲಿ ಚಕ್ರ ಜಾಸ್ತಿ, ಜ್ಯುವೆಲ್ಲೂ ಜಾಸ್ತಿ. ಜಾಸ್ತಿ ಕೊಟ್ಟ ದುಡ್ಡಿಗೆ ಸಿಗುವುದು ತಾರೀಖು, ವಾರ, ಕತ್ತಲಲ್ಲಿ ಹೊಳೆಯುವ ಮುಳ್ಳು. ಮಳೆಯಲ್ಲಿ ಧೈರ್ಯವಾಗಿ ಚಿಗರಿ ಬಸ್ಸಿಗೆ ಓಡಬಹುದು, ಜನತಾ ಕಟ್ಟಿದವರು ಕೈಯನ್ನು ಕಿಸೆಯಲ್ಲಿಟ್ಟುಕೊಳ್ಳಬೇಕು. ಇದೆಲ್ಲ ಬೇಕಿಲ್ಲದಿದ್ದರೆ ಜನತಾ ಸಾಕು.

ಆನ್‌ಲೈನಿನಲ್ಲಿ ಗುಲಾಬಿ, ಗಿಳಿ ಹಸಿರು ಡಯಲ್ಲಿನ ‘ಹಳೇ ಜನತಾ’ ಮಾತ್ರ ಸುತಾರಾಂ ಬೇಡ. ಹಳೇ ಡಯಲ್ಲಿಗೆ ಬಣ್ಣ ಬಳಿದು, ಸಿಕ್ಕ ಮುಳ್ಳು ಸಿಕ್ಕಿಸಿದ ಮಾಲು ಅದು. ಅಕ್ಷರ ದಪ್ಪಗಾಗಿ ಹರಡಿದ್ದರೆ ಅಲ್ಲಿಗೇ ಬಿಡಿ. ಹಿಂದಿನ ಮುಚ್ಚಳವನ್ನು ಅಡುಗೆಮನೆ ಚಾಕುವಿನಿಂದ ಎಬ್ಬಿಸಲೂ ಹೋಗಬೇಡಿ.

ತಾರೀಖಿನ ವಾಚಾದರೆ ಮುಳ್ಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇರುವಾಗ ತಾರೀಖು ತಿರುಗಿಸಬಾರದು. ಆಗ ಒಳಗಿನ ಹಲ್ಲುಗಳು ಒಂದಕ್ಕೊಂದು ಕೂತಿರುತ್ತವೆ, ಮುರಿಯಬಹುದು. ಮುಳ್ಳನ್ನು 6ಕ್ಕೆ ತಂದುಕೊಂಡು ತಿರುಗಿಸಿ.