6.7 ಮೀಟರ್ ಉದ್ದದ ಮನೆಯೊಂದಿಗೆ ಹೆಬ್ರಿಡೀಸ್ ದ್ವೀಪಗಳಲ್ಲಿ

ಎಡಿನ್‌ಬರೋದಲ್ಲಿ ನೆಲೆಸಿ ಒಂಬತ್ತು ವರ್ಷವಾದ ಮೇಲೆ, ಒಂದು ಜೂನ್ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ಮತ್ತು ಹಾಸನದಿಂದ ಬಂದಿದ್ದ ಅತ್ತೆಯವರು ಒಳಗೇ ಹಾಸಿಗೆ, ಅಡುಗೆಮನೆ, ಕಕ್ಕಸು ಇರುವ ಬಾಡಿಗೆಯ ಮೋಟಾರ್‌ಹೋಮ್ ಗಾಡಿಯೊಂದರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಸಾಲನ್ನು ದಕ್ಷಿಣದ ಬಾರಾದಿಂದ ಉತ್ತರದ ಲೂಯಿಸ್‌ವರೆಗೆ ಹನ್ನೆರಡು ದಿನಗಳಲ್ಲಿ ಸುತ್ತಿದೆವು. ಮನಸ್ಸು ಬಂದಲ್ಲಿ ಗಾಡಿ ನಿಲ್ಲಿಸಿ ಮಲಗಬಹುದೆಂಬ ಆಸೆಯಿಂದ ಹೊರಟ ನಾನು ಆ ಹನ್ನೆರಡು ದಿನವೂ ಮಾಡಿದ್ದು ಮನೆವಾರ್ತೆಯ ಲೆಕ್ಕ: ಗಾಡಿಯ ಉದ್ದ, ಟ್ಯಾಂಕಿನ ನೀರು, ಗ್ಯಾಸು, ಕಕ್ಕಸಿನ ಡಬ್ಬಿ, ಗಾಳಿಯ ದಿಕ್ಕು.

ಮೊದಲ ತಪ್ಪು ಉದ್ದದ್ದೇ. ದ್ವೀಪಗಳಿಗೆ ಗಾಡಿಗಳನ್ನೂ ಹೊತ್ತೊಯ್ಯುವ ಹಡಗಾದ ಫೆರಿಯಲ್ಲಿ ಗಾಡಿಯ ದರವೂ ಜಾಗವೂ ಉದ್ದದ ಮೇಲೆ ನಿಗದಿಯಾಗುತ್ತವೆ. ಬಾಡಿಗೆ ಕಾಗದದಲ್ಲಿದ್ದ 6 ಮೀಟರನ್ನೇ ನಂಬಿ ನಾನು ಟಿಕೆಟ್ ಮಾಡಿಸಿದ್ದೆ. ಹಿಂದೆ ಸೈಕಲ್ ಕಟ್ಟುವ ಚೌಕಟ್ಟನ್ನು ಸೇರಿಸಿ ಟೇಪು ಹಿಡಿದಾಗ 6.7 ಮೀಟರ್ ಬಂತು. ಹೊರಡಲು ಎರಡು ವಾರ ಉಳಿದಿತ್ತು, ನಾವು ಬಯಸಿದ ದಿನದ ಹಡಗಿನಲ್ಲಿ ಆ ಎಪ್ಪತ್ತು ಸೆಂಟಿಮೀಟರಿಗೆ ಜಾಗವಿರಲಿಲ್ಲ, ಹಾಗಾಗಿ ಇಡೀ ಪ್ರವಾಸವನ್ನೇ ಎರಡು ದಿನ ಮುಂದಕ್ಕೆ ಹಾಕಬೇಕಾಯಿತು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್‌ನಿಂದ ಬಾರಾದ ಕಾಸಲ್‌ಬೇಗೆ ಸುಮಾರು 5 ಗಂಟೆಯ ಪಯಣ. ಹಡಗು ಹತ್ತುವ ಮುನ್ನ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಎಂಜಿನ್ನೂ ನಿಂತಿರುವುದರಿಂದ ಅಷ್ಟು ಹೊತ್ತು ಫ್ರಿಜ್ಜು ನಡೆಯುವುದಿಲ್ಲ. ಮೊಸರು ಹುಳಿಯಾಗುತ್ತದೆಂಬ ಅತ್ತೆಯವರ ಆತಂಕ ಮಾತ್ರ ಸುಳ್ಳಾಯಿತು. ಆ ಚಳಿಗೆ ಅದು ಹೆಪ್ಪುಗಟ್ಟಿದ್ದೇ ಹೆಚ್ಚು.

ಬಾರಾದಲ್ಲಿ ವಿಮಾನಗಳು ಸಮುದ್ರದಂಡೆಯ ಮರಳಿನ ಮೇಲೆಯೇ ಇಳಿಯುತ್ತವೆ, ಅವುಗಳ ವೇಳಾಪಟ್ಟಿಯನ್ನು ಉಬ್ಬರವಿಳಿತ ನಿರ್ಧರಿಸುತ್ತದೆ. ಅದನ್ನು ನೋಡಿಕೊಂಡು, ಇನ್ನೊಂದು ಸಣ್ಣ ಫೆರಿಯಲ್ಲಿ 40 ನಿಮಿಷ ಸಾಗಿ ಎರಿಸ್ಕೇ ತಲುಪಿದೆವು. ಅಲ್ಲಿಂದ ಉತ್ತರಕ್ಕೆ ಬರ್ನರೇವರೆಗೆ ಹಡಗು ಬೇಕಿಲ್ಲ, ಸಮುದ್ರಕ್ಕೆ ಕಲ್ಲು ತುಂಬಿಸಿ ಕಟ್ಟಿದ ಕಾಸ್‌ವೇಗಳು ದ್ವೀಪಗಳನ್ನು ಪೋಣಿಸಿವೆ. ಎರಿಸ್ಕೇಯದು 2001ರದ್ದು, ಬರ್ನರೇಯದು 1999ರದ್ದು.

ರಸ್ತೆಗಳಲ್ಲಿ ಹೆಚ್ಚಿನವು ಒಂದೇ ಗಾಡಿಯಷ್ಟು ಅಗಲದವು. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಎಂಬ ಅಗಲ ಜಾಗಗಳಿವೆ. ಅದು ಎಡಕ್ಕಿದ್ದರೆ ಒಳಗೆ ಸರಿಯಬೇಕು, ಬಲಕ್ಕಿದ್ದರೆ ರಸ್ತೆಯ ಎಡಬದಿಯಲ್ಲೇ ಅದರ ಎದುರಿಗೆ ನಿಂತು ಎದುರಿನವರು ಅದರೊಳಗೆ ಬಳಸಿಕೊಂಡು ಹೋಗಲು ಬಿಡಬೇಕು. ಎರಡನೆಯ ದಿನವೇ ನಾನು ಬಲಗಡೆಯ ಜಾಗಕ್ಕೆ ಅಡ್ಡ ನುಗ್ಗಿ, ಎದುರು ಬರುತ್ತಿದ್ದ ಅಂಚೆ ವ್ಯಾನಿನವರನ್ನು ಬೆಚ್ಚಿಬೀಳಿಸಿದೆ. ಹಿಂದಿನಿಂದ ಬರುವವರಿಗೂ ಅಲ್ಲಿಯೇ ದಾರಿ ಬಿಡಬೇಕೆಂಬುದನ್ನು ಪ್ರವಾಸಿಗರು ಮರೆಯುತ್ತಾರೆ. ನಮಗೆ ರಜೆಯಾದರೂ ಹಿಂದೆ ಬರುವ ಊರಿನವರು ಕೆಲಸಕ್ಕೆ ಹೊರಟವರು. ಡಾಂಬರಿನ ಬಿಸಿಗೆ ಮಲಗಿದ ಕುರಿಗಳು ಹಾರನ್ನಿಗೆ ಏಳುವುದಿಲ್ಲ, ಮಗಳು ಇಳಿದು ಚಪ್ಪಾಳೆ ತಟ್ಟಿದರೆ ಏಳುತ್ತವೆ.

ಎಲ್ಲಿ ಬೇಕಾದರೂ ತಂಗಬಹುದೆಂಬ ತಪ್ಪು ಕಲ್ಪನೆ ನಮ್ಮ ಗೆಳೆಯರಲ್ಲೂ ಇದೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಕೊಡುವ ಸಂಚಾರದ ಹಕ್ಕು ನಡೆಯುವವರಿಗೆ, ಡೇರೆ ಹಾಕುವವರಿಗೆ ಸಲ್ಲುತ್ತದೆಯೇ ಹೊರತು ಮೋಟಾರು ಗಾಡಿಗಳಿಗಲ್ಲ. ಅದಕ್ಕಿಂತ ದೊಡ್ಡ ಕಾರಣ ಮಾಖರ್ ಎಂಬ ಅಲ್ಲಿನ ಹುಲ್ಲುಗಾವಲು: ಚಿಪ್ಪಿನ ಪುಡಿಯ ಮರಳಿನ ಮೇಲೆ ಬೆಳೆದ ತೆಳುವಾದ ಹಸಿರು ಹಾಸು, ಜೂನ್–ಜುಲೈನಲ್ಲಿ ಹೂವಿನಿಂದ ಮುಚ್ಚಿಹೋಗುತ್ತದೆ. ಮೂರೂವರೆ ಟನ್ನಿನ ಗಾಡಿಯ ಚಕ್ರ ಒಮ್ಮೆ ಅದನ್ನು ಸೀಳಿದರೆ ಉಳಿದದ್ದನ್ನು ಗಾಳಿ ಕಿತ್ತುಕೊಂಡು ಹೋಗುತ್ತದೆ. ನಾವು ಎಲ್ಲ ರಾತ್ರಿಯೂ ಕ್ಯಾಂಪ್‌ಸೈಟುಗಳಲ್ಲಿ ಅಥವಾ ಊರಿನವರೇ ಗುರುತಿಸಿಟ್ಟ, ಡಬ್ಬಿಗೆ ಹಣ ಹಾಕಿ ತಂಗುವ ಜಾಗಗಳಲ್ಲಿಯೇ ಉಳಿದೆವು.

ಅಡುಗೆಯ ಕಥೆ ಬೇರೆಯೇ. ನಮ್ಮ ಟ್ಯಾಂಕು 100 ಲೀಟರಿನದು. ಅಕ್ಕಿ ತೊಳೆದು, ಸಾರಿನ ಪಾತ್ರೆ ಉಜ್ಜಿ, ನಾಲ್ವರ ಮುಖಮಾರ್ಜನ ಮುಗಿಸಿದರೆ ಅದು ಎರಡು ದಿನಕ್ಕೆ ಬರಿದು. ತಟ್ಟೆಗಳನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ ಆಮೇಲೆ ತೊಳೆಯುವ ಪದ್ಧತಿ ತಂದ ಮೇಲೆ ಮೂರನೆಯ ದಿನಕ್ಕೂ ಎಳೆಯಿತು. ಸಿಂಕಿನ ಜಾಲರಿಯಲ್ಲಿ ಕರಿಬೇವು, ಸಾಸಿವೆ ಸಿಕ್ಕಿಕೊಂಡು ನೀರು ಇಳಿಯದಾದಾಗ ಹೇರ್‌ಪಿನ್ನೇ ಗತಿ. ಒಂದು ಸಂಜೆ ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿ ಒಗ್ಗರಣೆ ಹಾಕಿದೊಡನೆ ಹೊಗೆಯ ಅಲಾರಂ ಕಿವಿ ಹರಿಯುವಂತೆ ಕೂಗತೊಡಗಿತು. ನಾನು ಟವೆಲು ಬೀಸುತ್ತಿದ್ದರೆ ಅತ್ತೆಯವರು ಸೌಟು ಹಿಡಿದೇ, "ಸಾಸಿವೆ ಸಿಡಿದರೂ ಬೊಬ್ಬೆ ಹಾಕೋ ಮನೆ ಇದೊಂದೇ ನಾನು ನೋಡಿದ್ದು" ಎಂದರು. ಮರುದಿನದಿಂದ ಒಗ್ಗರಣೆ ಹೊರಗೆ, ಗಾಡಿಯ ಮರೆಯಲ್ಲಿ, ಸಣ್ಣ ಸ್ಟೌವಿನ ಮೇಲೆ. ಕಕ್ಕಸಿನ ಡಬ್ಬಿ ಖಾಲಿ ಮಾಡುವ ಕೆಲಸ ನನ್ನದೇ ಆಗಿತ್ತು. ದಿನ ಬಿಟ್ಟು ದಿನ, ಅದಕ್ಕೆಂದೇ ಇರುವ ಜಾಗದಲ್ಲಿ.

ಗಾಳಿಯನ್ನು ನಾನು ಹಗುರವಾಗಿ ಎಣಿಸಿದ್ದೆ. ಬರ್ನರೇಯಲ್ಲಿ ಒಂದು ರಾತ್ರಿ ಗಾಳಿ ದಿಕ್ಕು ಬದಲಿಸಿ ಗಾಡಿಯ ಪಕ್ಕಕ್ಕೆ ಬಡಿದು ತೊಟ್ಟಿಲಿನಂತೆ ತೂಗಿತು. ಎರಡು ಗಂಟೆಗೆ ಎದ್ದು, ಮೂತಿ ಗಾಳಿಗೆ ಎದುರಾಗುವಂತೆ ಗಾಡಿ ತಿರುಗಿಸಿದ ಮೇಲೆ ನಿದ್ದೆ ಬಂತು. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆರೆಯಬೇಕೆಂಬುದು ಅಂದೇ ತಿಳಿಯಿತು. ಗಾಳಿಯಿಲ್ಲದ ಇನ್ನೊಂದು ರಾತ್ರಿ, ಹತ್ತೂವರೆಯವರೆಗೂ ಉಳಿದಿದ್ದ ಬೆಳಕಿನಲ್ಲಿ, ಕಾರ್ನ್‌ಕ್ರೇಕ್ ಹಕ್ಕಿ ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದ ಹಾಗೆ ಬೆಳಗಿನವರೆಗೂ ಕೂಗಿತು. ಅದಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ. ಗಾಳಿಯ ಮರುದಿನ ಹ್ಯಾರಿಸ್‌ನ ಲೆವರ್‌ಬರೋಗೆ ಹೋಗುವ ಫೆರಿ ಮಧ್ಯಾಹ್ನದವರೆಗೆ ಹೊರಡಲಿಲ್ಲ. ಒಂದು ಗಂಟೆಯ ಆ ದಾರಿಯಲ್ಲಿ ಹಡಗು ಬಂಡೆಗಳ ನಡುವೆ ಹಾವಿನಂತೆ ಹೊರಳಿ ಹೋಗುವುದನ್ನು ನೋಡಿದಾಗ ಬೆಳಿಗ್ಗೆ ಹೊರಡದಿದ್ದುದಕ್ಕೆ ಸಮಾಧಾನವಾಯಿತು.

ಹ್ಯಾರಿಸ್ ಮತ್ತು ಲೂಯಿಸ್‌ನಲ್ಲಿ ಭಾನುವಾರವೆಂದರೆ ದೇವರ ದಿನ, ಅಂದು ಕೆಲಸ ಮಾಡಬಾರದೆಂದು ನಂಬುವವರು ಅಲ್ಲಿ ಬಹಳ. ಲೂಯಿಸ್‌ನ ಮುಖ್ಯ ಊರಾದ ಸ್ಟೋರ್ನೊವೇಯಿಂದ ಭಾನುವಾರದ ಫೆರಿ ಶುರುವಾದದ್ದೇ 2009ರಲ್ಲಿ. ಶನಿವಾರ ಸಂಜೆಯೊಳಗೆ ಡೀಸೆಲ್, ನೀರು, ಬ್ರೆಡ್ಡು ತುಂಬಿಸಿಕೊಂಡೆವು. ಒದ್ದೆ ಬಟ್ಟೆಗಳನ್ನು ಹೊರಗೆ ಒಣಹಾಕಲಿಲ್ಲ. ಅಂದು ಸುಮಾರು 5,000 ವರ್ಷ ಹಿಂದೆ ನೆಟ್ಟು ನಿಲ್ಲಿಸಿದ, ಲೂಯಿಸ್‌ನ ಕ್ಯಾಲನಿಶ್ ಕಲ್ಲುಗಳ ನಡುವೆ ನಾವೂ ಇನ್ನಿಬ್ಬರೂ ಮಾತ್ರ ಇದ್ದೆವು.

ಸೋಮವಾರ ಸ್ಟೋರ್ನೊವೇಯಿಂದ ಫೆರಿಯಲ್ಲಿ ಸ್ಕಾಟ್ಲೆಂಡಿನ ಮುಖ್ಯ ನೆಲದ ಅಲಪೂಲ್‌ಗೆ ದಾಟಿ, ಕೊನೆಯ ರಾತ್ರಿ ಅಲ್ಲಿನ ಕ್ಯಾಂಪ್‌ಸೈಟಿನಲ್ಲಿ ಅತ್ತೆಯವರು ತರಕಾರಿ ಹೆಚ್ಚಿಟ್ಟು ಸ್ಟೌ ಹಚ್ಚಲು ಹೋದರೆ ಹತ್ತಲಿಲ್ಲ. ಗ್ಯಾಸು ಮುಗಿಯಿತೆಂದು ಸಿಲಿಂಡರ್ ಅಲ್ಲಾಡಿಸಿ, ಪಕ್ಕದ ಗಾಡಿಯವರನ್ನೂ ಕರೆದು, ಕಾಲು ಗಂಟೆ ಪರದಾಡಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ಹಡಗು ಹತ್ತೋವಾಗ ಮುಚ್ಚಿದ್ಯಲ್ಲ, ಆಮೇಲೆ ತೆಗೆದ್ಯಾ?"