ತೂಕ ನಿಂತ ಒಂಬತ್ತು ವಾರ ಮತ್ತು ಒಂದು ಮಾರು ಹುರಿ

"ಭಾವಾ, ಒಂದೋ ನಿನ್ನ ಮೆಷಿನ್ ಹಾಳಾಗಿದೆ, ಇಲ್ಲದಿದ್ದರೆ ನೀನು."

2025ರ ಏಪ್ರಿಲ್‌ನಲ್ಲಿ ನನ್ನ ಭಾವ ಅಂಗಡಿಗೆ ಬಂದು ಹೇಳಿದ ಮಾತಿದು. ಆಗ ನಾನು 86 ಕೆಜಿಯಲ್ಲಿ ಕಂಬ ನೆಟ್ಟ ಹಾಗೆ ನಿಂತು ಎರಡು ತಿಂಗಳು ದಾಟಿತ್ತು. ಈಗ 78. ಅದೇ ಭಾವ ಮೊನ್ನೆ ಬಂದು ಗೋಣಿ ಹೊಲಿಯುವ ಹುರಿ ಒಂದು ಮಾರು ಬೇಕು ಅಂತ ಕೇಳಿ ತೆಗೆದುಕೊಂಡು ಹೋದರು. ಎಂತಕ್ಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಸರಗೋಡಿನ ಬದಿಯಡ್ಕ ಕಡೆ ನನಗೆ ಅಡಿಕೆ, ಕೊಬ್ಬರಿ ವ್ಯಾಪಾರ. ದಿನಕ್ಕೆ ಐವತ್ತು ಮೂಟೆ ತೂಗುವವನಿಗೆ ತನ್ನ ತೂಕವೇ ಲೆಕ್ಕಕ್ಕೆ ಸಿಗಲಿಲ್ಲ ಅಂದರೆ ನಾಚಿಕೆ ಅಲ್ವಾ? 2024ರ ಅಕ್ಟೋಬರ್‌ನಲ್ಲಿ ಹೊರಟಾಗ 97 ಇದ್ದೆ. ಅನ್ನ ಅರ್ಧ, ಸಕ್ಕರೆ ಬಂದ್, ಹೆಸರುಕಾಳು ಜಾಸ್ತಿ, ಬೆಳಿಗ್ಗೆ ನೀರ್ಚಾಲು ರಸ್ತೆಯಲ್ಲಿ ನಡಿಗೆ. ಇದೆಲ್ಲ ನೀವೂ ಮಾಡಿದವರೇ, ಬಿಡಿ. ನಾಲ್ಕು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಯಿತು. ಮದುವೆಮನೆಯಲ್ಲಿ ನಾಲ್ಕು ಜನ ನಿಲ್ಲಿಸಿ ಕೇಳುವಷ್ಟಾಯಿತು. ಆಮೇಲೆ ಫೆಬ್ರವರಿಯಿಂದ ಸುಮಾರು ಒಂಬತ್ತು ವಾರ ಏನೂ ಇಲ್ಲ. ಒಂದು ದಿನ 85.7, ಮರುದಿನ 86.3, ಮತ್ತೆ 86.

ಆ ಒಂಬತ್ತು ವಾರದಲ್ಲಿ ನಾನು ಮಾಡಿದ ಹುಚ್ಚಾಟಗಳಿಗೆ ಹದಿನೈದು ಸಾವಿರದ ಮೇಲೆ ಹೋಗಿದೆ. ಅಂಗಡಿಯ ಮೆಷಿನ್ ಮೇಲೆ ಸಂಶಯ ಬಂದು ಆನ್‌ಲೈನ್‌ನಲ್ಲಿ ಸಾವಿರದ ನೂರು ಚಿಲ್ಲರೆ ಕೊಟ್ಟು ಒಂದು ಗಾಜಿನ ಮೆಷಿನ್ ತರಿಸಿದೆ. ನಮ್ಮ ಮನೆಯ ಹಳೇ ನೆಲ ಸಮ ಇಲ್ಲ. ಅಡುಗೆಮನೆಯಲ್ಲಿ ಇಟ್ಟರೆ ಒಂದು ತೂಕ, ಚಾವಡಿಯಲ್ಲಿ ಇಟ್ಟರೆ ಒಂದೂವರೆ ಕೆಜಿ ಕಡಿಮೆ. ಒಂದು ವಾರ ಚಾವಡಿಯಲ್ಲೇ ತೂಗಿ ಖುಷಿಪಟ್ಟೆ. ಆಮೇಲೆ ತೂಕ ಇಳಿಸುವ ಪುಡಿ. ಡಬ್ಬಕ್ಕೆ 2,800ರ ಹಾಗೆ ಮೂರು ಡಬ್ಬ. ಆಮೇಲೆ ಪೇಟೆಯ ಒಂದು ಜಿಮ್‌ಗೆ ಆರು ತಿಂಗಳ ಹಣ ಒಟ್ಟಿಗೇ ಕಟ್ಟಿದೆ. ಹೋದದ್ದು ಹದಿನೇಳು ದಿನ.

ಎಲ್ಲಕ್ಕಿಂತ ದುಬಾರಿಯಾದದ್ದು ರಾತ್ರಿ ಊಟ ಬಿಟ್ಟದ್ದು. ಹನ್ನೆರಡನೇ ದಿನವೋ ಹದಿಮೂರನೆಯದೋ, ಹೊಟ್ಟೆ ಚುರುಗುಟ್ಟುತ್ತಾ ಕೂತಿದ್ದೆ. ಒಬ್ಬರು ನಾಲ್ಕು ಮೂಟೆ ಅಡಿಕೆ ತಂದರು. ಕೈ ಹಾಕಿ ನೋಡಿದೆ, ಸರಿ ಅನ್ನಿಸಿತು, ಒಳ್ಳೆ ಮಾಲಿನ ರೇಟು ಕೊಟ್ಟು ಕಳಿಸಿದೆ. ಸಂಜೆ ಸುರಿದು ನೋಡಿದರೆ ಪಟೋರ, ಕೋಕ ಅನ್ನುವ ಕಳಪೆ ದರ್ಜೆಯ ಅಡಿಕೆ ಧಾರಾಳ ಬೆರೆತಿತ್ತು. ಅವರ ತಪ್ಪಲ್ಲ, ನನ್ನ ಕಣ್ಣಿಗೆ ಅಡಿಕೆ ಬದಲು ಅನ್ನ ಕಾಣುತ್ತಿತ್ತು. ಮೂರು ಸಾವಿರ ಲುಕ್ಸಾನು. ಆ ರಾತ್ರಿಯೇ ಕುಚ್ಚಲಕ್ಕಿ ಗಂಜಿ ಉಂಡೆ.

ಮರುದಿನ ತಲೆ ನೆಟ್ಟಗಾದ ಮೇಲೆ ವ್ಯಾಪಾರಿಯ ಹಾಗೆ ಯೋಚಿಸಿದೆ. ಲೆಕ್ಕ ತಾಳೆ ಆಗದಿದ್ದರೆ ಸೋರಿಕೆ ಎಲ್ಲೋ ಇರಬೇಕು. ಒಂದು ಸ್ಟೀಲ್ ಬಟ್ಟಲು ತಂದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟೆ. ದಿನವಿಡೀ ಬಾಯಿಗೆ ಹಾಕಬೇಕು ಅನ್ನಿಸಿದ್ದನ್ನೆಲ್ಲ ಅದಕ್ಕೆ ಹಾಕಿದೆ. ಕೊಬ್ಬರಿ ಒಣಗಿದೆಯಾ ಅಂತ ನೋಡಲು ಒಡೆದು ಚೂರು ಕಚ್ಚುವುದು ನಮ್ಮ ಕಸುಬಿನ ಅಭ್ಯಾಸ, ತಿಂದದ್ದು ಅಂತ ಯಾರೂ ಲೆಕ್ಕ ಇಡುವುದಿಲ್ಲ. ಸಂಜೆ ಬಟ್ಟಲು ತೂಗಿದೆ. ಕೊಬ್ಬರಿ ಚೂರೇ 45 ಗ್ರಾಂ. ಹತ್ತಿರ ಹತ್ತಿರ 300 ಕ್ಯಾಲರಿ! ನಾನು ಬಿಟ್ಟ ಅನ್ನದ ದೊಡ್ಡ ಪಾಲು ಆ ಬಟ್ಟಲಲ್ಲಿ ಕೂತಿತ್ತು.

ಇನ್ನೊಂದು, 97 ಇದ್ದಾಗ ಕಡಿಮೆ ಅನ್ನಿಸಿದ್ದ ಊಟ 86ರವನಿಗೆ ಸರಿಹೋಗುವ ಊಟ. ಹನ್ನೊಂದು ಕೆಜಿಯ ಗಂಟು ಇಳಿಸಿಟ್ಟು ನಡೆಯುವವನಿಗೆ ಖರ್ಚು ಕಡಿಮೆ ತಾನೇ? ಇದು ಗೊತ್ತಿರುತ್ತದೆ, ತಟ್ಟೆಯ ಮುಂದೆ ಕೂತಾಗ ಮರೆತುಹೋಗುತ್ತದೆ.

ಆದರೆ ಸೋರಿಕೆ ಮುಚ್ಚಿದರೂ ಎರಡು ವಾರ ಮೆಷಿನ್ ಮಿಸುಕಲಿಲ್ಲ. ಮನಸ್ಸು ಮುರಿಯುವುದು ಅಲ್ಲಿಯೇ. ಆಗ ನನ್ನನ್ನು ಉಳಿಸಿದ್ದು ಉಡಿದಾರ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಅದು ಸೊಂಟದಲ್ಲಿ ನಿಲ್ಲದೆ ಜಾರಿ ತೊಡೆಗೆ ಬಂತು. ವರ್ಷಗಟ್ಟಲೆ ಹೊಟ್ಟೆಗೆ ಗೆರೆ ಕೊರೆದು ಕೂತಿದ್ದ ದಾರ ಅದು! ತೂಕ ಅಷ್ಟೇ ಇದೆ, ದಾರ ಯಾಕೆ ಜಾರಿತು?

ಅಡಿಕೆ ಒಣಗಿಸಿದವರಿಗೆ ಇದು ಹೊಸದಲ್ಲ. ಅಂಗಳಕ್ಕೆ ಹಾಕಿದ ಹಣ್ಣಡಿಕೆ ಮೊದಲ ಹತ್ತು ಬಿಸಿಲಿಗೆ ಸರಸರ ಹಗುರಾಗುತ್ತದೆ. ಹೋಗುವುದೆಲ್ಲ ನೀರು. ಮೂವತ್ತು ಬಿಸಿಲು ದಾಟಿದ ಮೇಲೆ ತೂಗಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಂತ ಯಾರಾದರೂ ಬಾಚಿ ಮೂಟೆ ಕಟ್ಟುತ್ತಾರಾ? ಕಟ್ಟಿದರೆ ಬೂಷ್ಟು ಗ್ಯಾರಂಟಿ. ಗೋಟು, ಅಂದರೆ ಸಿಪ್ಪೆ ಸಮೇತ ಒಣಗಿದ ಅಡಿಕೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಒಳಗೆ ಗಲಗಲ ಅಂದರೆ ಮಾತ್ರ ಒಣಗಿದೆ ಅಂತ ಲೆಕ್ಕ. ಅಡಿಕೆಯ ವಿಷಯದಲ್ಲಿ ಇಷ್ಟು ತಾಳ್ಮೆ ಇರುವವನು ನನ್ನ ಹೊಟ್ಟೆಗೆ ಮಾತ್ರ ಬರೀ ಮೆಷಿನ್ ನಂಬಿ ಕೂತಿದ್ದೆ.

ಹಾಗೆ ಹುರಿ ಬಂತು. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ ಹುರಿ ಸುತ್ತಿ ಒಂದು ಗಂಟು. ಮೊದಲು ಸೆಣಬಿನ ಹುರಿಯಲ್ಲಿ ಮಾಡಿದ್ದೆ. ಅದು ಥಂಡಿ ಹಿಡಿದರೆ ಲೆಕ್ಕ ತಪ್ಪುತ್ತದೆ. ಈಗ ನೈಲಾನ್. ಮೆಷಿನ್ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಫೆಬ್ರವರಿಯ ಪ್ಯಾಂಟಿನ ಪಟ್ಟಿಯನ್ನು ಟೇಪ್‌ನಲ್ಲಿ ಅಳೆದು ಅಂದಾಜು ಮಾಡಿದರೆ 99 ಸೆಂಟಿಮೀಟರ್ ಇತ್ತು. ಮೊದಲ ಗಂಟು 96ಕ್ಕೆ ಬಿತ್ತು. ತೂಕ 'ನಿಂತಿದ್ದ' ಕಾಲದಲ್ಲೇ ಮೂರು ಸೆಂಟಿಮೀಟರ್ ಹೋಗಿತ್ತು. ಆ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡುವ ಸುಖ ಮೆಷಿನ್‌ನ ಅಂಕಿಯಲ್ಲಿ ಇಲ್ಲ.

ತೂಕ ಬಿಡಲಿಲ್ಲ. ದಿನಾ ತೂಗಿ ಅಡಿಕೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತೇನೆ, ಆದರೆ ಏಳು ದಿನದ ಸರಾಸರಿ ಮಾತ್ರ ನೋಡುತ್ತೇನೆ. ಬರೆದ ದಿನ ಬಿಸ್ಕತ್ತಿನ ಡಬ್ಬಕ್ಕೆ ಇಪ್ಪತ್ತು ರೂಪಾಯಿ. ಬರೆಯದಿದ್ದರೆ, ಅಥವಾ ಕೊಬ್ಬರಿ ಚೂರು ಬಾಯಿಗೆ ಹೋದರೆ, ಡಬ್ಬದಿಂದ ನೂರು ತೆಗೆದು ಅಂಗಡಿಯ ಹುಡುಗನಿಗೆ. ಇದರಲ್ಲಿ ಒಂದು ತಪ್ಪಾಯಿತು. ಬಾಯಿಗೆ ಹೋದದ್ದೆಲ್ಲ ಲೆಕ್ಕ ಅಂತ ಅವನೇ ಕಾನೂನು ಮಾಡಿಕೊಂಡು, ದಿನಾ ನಾಲ್ಕು ಗಂಟೆಗೆ ಬಿಸಿ ಪಳಂಪೊರಿ (ಬಾಳೆಹಣ್ಣಿನ ಪೋಡಿ) ತಂದು ನನ್ನ ಮುಂದೆ ಬಿಚ್ಚಿ ತಿನ್ನಲು ಶುರುಮಾಡಿದ. ಮೊದಲ ತಿಂಗಳು ಆರೇಳು ನೂರು ಗಳಿಸಿದ, ಬದ್ಮಾಶ್.

ಅದೇ ಏಪ್ರಿಲ್‌ನಲ್ಲಿ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ, ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಅಪರೂಪದ ಸೇವೆ. 1992ರ ನಂತರ ಆದದ್ದು, ಮನೆಯಲ್ಲಿ ಕೂರಲಿಕ್ಕೆ ಆಗುತ್ತದಾ? ಎರಡು ದಿನ ಅಲ್ಲೇ ಊಟ, ಪಾಯಸ, ಅಪ್ಪ. ಮೂರನೇ ದಿನ ತೂಗಿದರೆ 1.8 ಕೆಜಿ ಜಾಸ್ತಿ. ಮೊದಲಿನ ನಾನಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದೆ. ಆದರೆ ಒಂದು ಕೆಜಿ ಕೊಬ್ಬು ಅಂದರೆ 7,700 ಕ್ಯಾಲರಿ. ಎರಡು ದಿನದಲ್ಲಿ ಅದರ ಹತ್ತಿರ ಹತ್ತಿರ ಎರಡು ಪಟ್ಟು ಹೆಚ್ಚಿಗೆ ತಿನ್ನಲು ನನ್ನಿಂದ ಸಾಧ್ಯ ಇಲ್ಲ, ಭಾವನಿಂದ ಬೇಕಾದರೆ ಆದೀತು. ಉಪ್ಪು, ನೀರು, ನಿದ್ದೆಗೇಡು. ಸುಮ್ನೆ ಬರೆದು ಡಬ್ಬಕ್ಕೆ ಇಪ್ಪತ್ತು ಹಾಕಿದೆ. ಐದನೇ ದಿನಕ್ಕೆ ಅದು ಹೋಯಿತು. ಬೆನ್ನಿಗೇ 86ರ ಕಂಬವೂ ಬಿತ್ತು.

ಜೂನ್ ಕೊನೆಗೆ 81. ಮತ್ತೆ ನಿಂತಿತು. ಈ ಸಲ ಮಾಡಿದ್ದಕ್ಕೆ ಮನೆಯವಳೂ ನಕ್ಕಳು. ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲ, ಇಳಿಸುವ ಕೆಲಸಕ್ಕೆ ರಜೆ ಕೊಟ್ಟೆ. ಏರಬಾರದು, ಅಷ್ಟೇ ಗುರಿ. ಮಧ್ಯಾಹ್ನ ಒಂದು ಸೌಟು ಅನ್ನ ಜಾಸ್ತಿ, ವಾರಕ್ಕೊಮ್ಮೆ ಪತ್ರೊಡೆ. ಹೊರಗೆ ಧಾರಾಕಾರ ಮಳೆ, ಹಾಗಾಗಿ ನಡಿಗೆ ಗೋದಾಮಿನೊಳಗೆ. ಮೂಟೆಗಳ ಮಧ್ಯೆ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತೆರಡು ಹೆಜ್ಜೆ. "ಮಾರಾಯ್ರೇ, ಇದು ಸೋಮಾರಿಗಳ ಡಯಟ್ಟು" ಅಂದವರಿದ್ದಾರೆ. ನಾಲ್ಕು ವಾರದಲ್ಲಿ ಅರ್ಧ ಕೆಜಿ ಏರಿತು. ಆದರೆ ಆ ಸಿಡುಕು, ಆ ಹಪಾಹಪಿ ಹೋಯಿತು. ಮಳೆ ಕಡಿಮೆಯಾದ ಮೇಲೆ ಮತ್ತೆ ಹಿಡಿದಾಗ ಹೊಸದಾಗಿ ಶುರುಮಾಡಿದ ಹುರುಪು ಇತ್ತು, ಮೂರು ತಿಂಗಳಲ್ಲಿ 78ಕ್ಕೆ ಬಂದೆ. ನನಗೆ ಆಯಿತು. ಶುಗರ್, ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಊಟ ಹೆಚ್ಚು ಕಡಿಮೆ ಮಾಡಬೇಡಿ.

ನಡುವೆ ಕೆಲವು ಪ್ರಯೋಗ ಮಾಡಿದೆ. ನವಣೆ ಅಕ್ಕಿ ಒಂದು ತಿಂಗಳು. ಕುಚ್ಚಲಕ್ಕಿಯಷ್ಟೇ ಉಂಡೆ, ಏನೂ ಆಗಲಿಲ್ಲ, ಖರ್ಚು ಮಾತ್ರ ಎರಡು ಪಟ್ಟು. ಗುಜ್ಜೆ (ಎಳೆ ಹಲಸು) ಚೆನ್ನಾಗಿ ಕೈಹಿಡಿಯಿತು. ರಾತ್ರಿ ಅನ್ನದ ಬದಲು ಗುಜ್ಜೆ ಪಲ್ಯ ಒಂದು ಬಟ್ಟಲು, ಜೊತೆಗೆ ಮಜ್ಜಿಗೆ. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣು ಮಾಡಿದಾಗ ನಗಾಡಿದ್ದೆ, ಈಗ ಇಲ್ಲ. ಆದರೆ ಒಗ್ಗರಣೆಗೆ ತೆಂಗಿನೆಣ್ಣೆ ಚಮಚದಲ್ಲೇ ಅಳೆಯಬೇಕು, ಅಂದಾಜಿಗೆ ಸುರಿದರೆ ಗುಜ್ಜೆ ತಿಂದು ಏನು ಬಂತು? ನಾಲ್ಕು ಗಂಟೆಯ ಹಸಿವಿಗೆ ಮನೆಯವಳು ಹುರುಳಿಯಲ್ಲಿ ಒಂದು ಸಾರು ಮಾಡಿ ಫ್ಲಾಸ್ಕ್‌ನಲ್ಲಿ ಕಳಿಸುತ್ತಾಳೆ. ಪಳಂಪೊರಿಯನ್ನು ಸೋಲಿಸಿದ್ದು ಅದೇ. ಅದಕ್ಕೆ ಏನು ಹಾಕುತ್ತಾಳೆ ಅಂತ ನನಗೆ ಗೊತ್ತು, ಬರೆಯಲು ಅಪ್ಪಣೆ ಇಲ್ಲ.

ಈಗ ಕೊನೆಯ ಗಂಟು 91ರಲ್ಲಿ. ನಮ್ಮ ದೇಶದ ಗಂಡಸರಿಗೆ ಸೊಂಟ 90ರ ಒಳಗೆ ಇರಬೇಕು ಅನ್ನುತ್ತಾರಲ್ಲ, ಅಲ್ಲಿಗೊಂದು ಕೆಂಪು ನೂಲು ಕಟ್ಟಿಟ್ಟಿದ್ದೇನೆ. ತೂಕ ಮತ್ತೆ ಮೂರು ವಾರದಿಂದ 78ರಲ್ಲೇ ಇದೆ. ಈ ಭಾನುವಾರ ಹುರಿ ತೆಗೆಯಬೇಕು. ಡಬ್ಬದಲ್ಲಿ ಐದು ಸಾವಿರದ ಹತ್ತಿರ ಆಗಿದೆ, ಅದರ ಮೇಲೆ ಹುಡುಗನಿಗೂ ಒಂದು ಕಣ್ಣು.